ಒಂದು ಹಣ್ಣಿನ ಪಾಳಿ

ಸಿದ್ದು ಭಾಗ್ಯಾಳ ಮುಂಗೈ ಕಚ್ಚಿದ ದಿನ ಸುರೇಖಾ ಒಲೆ ಬೇರೆ ಮಾಡುವ ಮಾತನ್ನು ಬಾಯಿಬಿಟ್ಟು ಆಡಿದಳು. ಅದಕ್ಕೂ ಮೊದಲು ಆ ಮಾತು ಅವಳ ಹೊಟ್ಟೆಯಲ್ಲಿ ಇರಲಿಲ್ಲ ಅಂತೇನಲ್ಲ. ಆದರೆ ಹೊಟ್ಟೆಯೊಳಗಿನ ಮಾತು ಬೇರೆ, ಅಂಗಳದಲ್ಲಿ ಅತ್ತೆಯ ಎದುರು ಬಿದ್ದ ಮಾತು ಬೇರೆ.

ಅಗರಖೇಡದ ಆ ಮನೆಯಲ್ಲಿ ಅಣ್ಣತಮ್ಮಂದಿರಿಬ್ಬರ ಸಂಸಾರ ಒಂದೇ ಒಲೆಯ ಮೇಲೆ ನಡೆದಿತ್ತು. ಅಣ್ಣ ಸಂಜೀವಕುಮಾರ, ಅವನ ಹೆಂಡತಿ ಸುರೇಖಾ, ಮೂರನೆಯ ಇಯತ್ತೆ ಓದುವ ಮಗಳು ಭಾಗ್ಯಜ್ಯೋತಿ. ತಮ್ಮ ಅರುಣಕುಮಾರ, ಅವನ ಹೆಂಡತಿ ಸುವರ್ಣಾ, ಆರು ವರ್ಷದ ಮಗ ಸಿದ್ಧರಾಮ. ಸಿದ್ದುವಿಗೆ ಮಾತು ಕಡಿಮೆ. ಕರೆದರೆ ತಿರುಗುವುದಿಲ್ಲ. ಬೇಕಾದ್ದು ಸಿಗದಿದ್ದರೆ ಕಿರುಚುತ್ತಾನೆ, ಕಚ್ಚುತ್ತಾನೆ. ವಿಜಯಪುರದ ಡಾಕ್ಟರು ಆಟಿಸಂ ಎಂದಿದ್ದರು. ಮನೆಯಲ್ಲಿ ಆ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಅಜ್ಜಿ ಬಾಳಮ್ಮ ‘ದೇವರ ಕೂಸು’ ಅನ್ನುತ್ತಿದ್ದಳು. ಅಜ್ಜ ಮಡಿವಾಳಪ್ಪ ‘ಮುಂದ ಸರಿ ಆಗ್ತಾನ’ ಅನ್ನುತ್ತಿದ್ದ. ಸುರೇಖಾ ಏನೂ ಅನ್ನುತ್ತಿರಲಿಲ್ಲ. ಅವಳು ಏನಂದರೂ ಅದು ಜಗಳವಾಗುತ್ತಿತ್ತು.

ಸಿದ್ದುವಿಗೆ ಒಂದೇ ಹುಚ್ಚು. ಅವರದು ಲಿಂಬೆಯ ತೋಟ. ತೋಟಕ್ಕೆ ನೀರಿನ ಪೈಪು ಹಾಕಿಸಿದಾಗ ಉಳಿದ ತುಂಡೊಂದು ಅಂಗಳದಲ್ಲಿ ಬಿದ್ದಿತ್ತು. ಅದರ ಒಂದು ತುದಿಯನ್ನು ಕಟ್ಟೆಯ ಮೇಲಿಟ್ಟು, ಇನ್ನೊಂದನ್ನು ನೆಲಕ್ಕೆ ಊರಿ, ಮೇಲಿನಿಂದ ಲಿಂಬೆಹಣ್ಣು ಬಿಡುವುದು. ಪೈಪಿಗೆ ಕಿವಿ ಹಚ್ಚಿ ಅದು ಗುಡುಗುಡು ಉರುಳುವುದನ್ನು ಕೇಳುವುದು. ಕೆಳಗೆ ಹೊರಬಿದ್ದ ಕೂಡಲೇ ಎರಡೂ ಕೈ ಪಟಪಟ ಆಡಿಸಿ ಕುಣಿಯುವುದು. ಮತ್ತೆ ಹಣ್ಣು ಆರಿಸಿ ತಂದು ಬಿಡುವುದು. ಬೆಳಿಗ್ಗೆ ಕೂತರೆ ಊಟದ ಹೊತ್ತಿನವರೆಗೆ ಇದೇ ಕೆಲಸ.

ಶಿವರಾತ್ರಿ ಕಳೆದು ಬಿಸಿಲು ಏರಿತ್ತು. ಅವತ್ತು ಭಾಗ್ಯಾ ಶಾಲೆಯಿಂದ ಬಂದವಳು ಪಾಟೀಚೀಲ ಇಳಿಸಿ, ತಾನೂ ಒಂದು ಹಣ್ಣನ್ನು ಪೈಪಿನೊಳಗೆ ಬಿಟ್ಟಳು. ಅಷ್ಟೇ. ಸಿದ್ದು ಅವಳ ಕೈ ಹಿಡಿದು ಹಲ್ಲು ಊರಿದ.

“ಏ ಪೋರಿ, ಅಂವನ ಪೈಪಿನ ಹಂತ್ಯಾಕ ಹೋಗಬ್ಯಾಡಂತ ಎಷ್ಟ ಸಲ ಹೇಳಬೇಕ ನಿನಗ?” ಬಾಳಮ್ಮ ಓಡಿಬಂದು ಕಚ್ಚಿಸಿಕೊಂಡವಳಿಗೇ ಗದರಿದಳು.

“ನಾ ಒಂದ ಹಣ್ಣ ಹಾಕಿದ್ನಿ, ಆಯಿ.”

“ಒಂದೂ ಹಾಕಬ್ಯಾಡ. ನೀ ದೊಡ್ಡಾಕಿ ಅದಿ. ಅಂವಗ ಕೊಟ್ಟಬಿಡು.”

ಸುರೇಖಾ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಮಗಳ ಮುಂಗೈ ಹಿಡಿದು ನೋಡಿದಳು. ಹಲ್ಲಿನ ಸಾಲು ಎದ್ದು ಕಾಣುತ್ತಿತ್ತು. ಒಂದೆರಡು ಕಡೆ ರಕ್ತ ಜಿನುಗಿತ್ತು.

“ಅಂವ ಹುಟ್ಟಿದಾಗಿಂದ ಕೊಟ್ಟಬಿಡು, ಕೊಟ್ಟಬಿಡು! ಗೊಂಬಿ ಕೊಟ್ಟಳು, ಸೈಕಲ್ ಕೊಟ್ಟಳು, ನಿಮ್ಮ ಮಗ್ಗಲದಾಗ ಮಲಗೂ ಜಾಗಾ ಕೊಟ್ಟಳು. ಈಗ ಕೈಯಾಗಿನ ಮಾಂಸಾನೂ ಕೊಟ್ಟಳು. ಇನ್ನ ಏನೇನ ಕೊಡಬೇಕ್ರಿ ಅತ್ತಿ?”

“ತಿಳೀಲಾರದ ಕೂಸಿನ ಮ್ಯಾಲ ಹಟಾ ಹಿಡೀತಿಯೇನು?”

“ಕೂಸಿನ ಮ್ಯಾಲಲ್ಲ, ನಿಮ್ಮ ಮ್ಯಾಲ. ಯುಗಾದಿಗೆ ನಾ ಬ್ಯಾರೆ ಒಲಿ ಹಚ್ಚತೇನಿ, ಹಿತ್ತಲ ತಗಡಿನ ಖೋಲ್ಯಾಗ. ನನ್ನ ಮಗಳು ಅಲ್ಲೇ ಉಣತಾಳ, ಅಲ್ಲೇ ಆಡತಾಳ.”

ಅಷ್ಟರಲ್ಲಿ ಅರುಣ ತೋಟದಿಂದ ಬಂದ. ಏನಾಯಿತೆಂದು ಕೇಳಿ, ಸಿದ್ದುವಿನ ಬೆನ್ನಿಗೆ ಒಂದು ಬಾರಿಸಿದ. ಸಿದ್ದು ಅಳಲಿಲ್ಲ. ತನ್ನ ತಲೆಗೆ ತಾನೇ ಹೊಡೆದುಕೊಳ್ಳತೊಡಗಿದ. ಸುವರ್ಣಾ ಓಡಿಬಂದು ಮಗನ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು.

ಆ ಸಂಜೆ ಪುಂಡಿಪಲ್ಯ ಮಾಡಿದ ಹಾಗೇ ಉಳಿಯಿತು. ಸಂಜೀವನೊಬ್ಬ ರೊಟ್ಟಿ ಮುರಿಯುತ್ತ, “ಯುಗಾದಿ ಮಟ ತಡಿ. ಹಣ್ಣಿನ ಹಂಗಾಮ ಮುಗೀಲಿ,” ಅಂದ.

“ತಡೀತೇನಿ. ಆದ್ರ ಒಲಿಗೆ ಮಣ್ಣು ಕಲ್ಲು ತಂದ ಹಾಕ್ರಿ.”

ಸಂಜೀವ ತಲೆ ಆಡಿಸಿದ. ಅವ್ವ ಹೇಳಿದ್ದಕ್ಕೂ ತಲೆ ಆಡಿಸುವವನೇ, ಹೆಂಡತಿ ಹೇಳಿದ್ದಕ್ಕೂ ತಲೆ ಆಡಿಸುವವನೇ. ಆದರೂ ಮಣ್ಣು ತಂದು ಹಾಕಿದ.

ಮುಂದಿನ ವಾರ ಇಂಡಿಯಿಂದ ಶ್ರೀಶೈಲಪ್ಪ ಮಾಸ್ತರು ಬಂದರು. ಇಂಥ ಮಕ್ಕಳಿರುವ ಮನೆಗಳಿಗೆ ಮೋಟರ್ ಸೈಕಲ್ ಮೇಲೆ ಹೋಗಿ ಕಲಿಸುವವರು. ಊರ ಶಾಲೆಯ ಹೆಡ್‌ಮಾಸ್ತರು ಅವರಿಗೆ ಹೇಳಿ ಕಳಿಸಿದ್ದರು. ಬಂದವರು ಕುರ್ಚಿ ಬೇಡವೆಂದು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತರು. ಸಿದ್ದು ಹಣ್ಣು ಬಿಡುವುದನ್ನು ಚಹಾ ಆರುವವರೆಗೆ ನೋಡಿದರು.

“ಇದನ್ನ ಬಿಟ್ಟು ಮತ್ತೇನ ಇಷ್ಟರಿ ಅಂವಗ?”

“ಏನೂ ಇಲ್ರಿ ಸರ. ಬರೇ ಇದ,” ಸುವರ್ಣಾ ನಾಚಿ ಸೆರಗು ಜಗ್ಗಿಕೊಂಡಳು. “ನಾಳೆ ಪೈಪ್ ಒಯ್ದು ಬಾವ್ಯಾಗ ಒಗೀತೇನಿ ಅಂದಾರ್ರಿ ನಮ್ಮನಿಯವರು.”

“ಒಗೀಬ್ಯಾಡ್ರಿ ಮತ್ತ! ಅದ ಹೋದ್ರ ಅವನ ಸಾಲಿ ಹೋದಂಗ. ಅಂವ ನಿಮ್ಮ ಆಟಕ್ಕ ಬರಂಗಿಲ್ಲ ಅಂದ್ರ, ನೀವು ಅವನ ಆಟಕ್ಕ ಹೋಗ್ರಿ. ಒಂದ ಹಣ್ಣ ಅಂವ, ಒಂದ ಹಣ್ಣ ನೀವು. ‘ಸಿದ್ದುನ ಪಾಳಿ’, ‘ಅವ್ವನ ಪಾಳಿ’. ಇಷ್ಟ ಮಾತು, ಉದ್ದ ಹೇಳಬ್ಯಾಡ್ರಿ. ಉಳಿದ ಮಕ್ಕಳು ಓಣ್ಯಾಗ ಗದ್ದಲಾ ಮಾಡಿ ಮಾಡಿ ಪಾಳಿ ಕಲೀತಾವ. ಇಂವಗ ಕುಂತು ತೋರಿಸಬೇಕು, ಅಷ್ಟ.”

“ಕಚ್ಚಿದ್ರ?” ಅಡುಗೆಮನೆಯ ಬಾಗಿಲಿನಿಂದ ಸುರೇಖಾ ಕೇಳಿದಳು.

“ಹೊಡೀಬ್ಯಾಡ್ರಿ. ಅಂಜಿ ಬಿಟ್ಟೂ ಕೊಡಬ್ಯಾಡ್ರಿ. ಕೈ ಹಿಂದ ತಗೊಂಡು ಮತ್ತ ನಿಮ್ಮ ಪಾಳಿ ತಗೋರಿ. ಅಂವಗ ಸಾಕಾತು ಅಂದ್ರ ಆಟಾ ನಿಲ್ಲಸ್ರಿ.”

ಬಾಳಮ್ಮನಿಗೆ ಸಮಾಧಾನವಾಗಲಿಲ್ಲ. “ಪಾಳಿ ಕಲತ ಏನ ಮಾಡ್ಯಾನ್ರಿ? ಮೊದಲ ಮಾತು ಬರೂವಂಗ ಮಾಡ್ರಿ.”

“ಮಾತಂದ್ರೂ ಪಾಳೀನ ಅಲ್ರಿ ಯವ್ವಾ? ನೀವು ಮಾತಾಡೂ ಮುಂದ ನಾ ಸುಮ್ಮನ ಕೇಳಾಕತ್ತೇನಿ ನೋಡ್ರಿ.”

ಇದು ಮರ್ಯಾದೆಯೋ ಚೇಷ್ಟೆಯೋ ಬಾಳಮ್ಮನಿಗೆ ತಿಳಿಯಲಿಲ್ಲ. ಯಾವುದಕ್ಕೂ ಇರಲಿ ಎಂದು ಇನ್ನೊಂದು ಕಪ್ಪು ಚಹಾ ಕೊಟ್ಟಳು.

ಸುವರ್ಣಾ ಮರುದಿನದಿಂದಲೇ ಮಗನ ಎದುರು ಕೂತಳು. “ಸಿದ್ದುನ ಪಾಳಿ” ಅಂದರೆ ಅವನು ಬಿಡುತ್ತಿದ್ದ. “ಅವ್ವನ ಪಾಳಿ” ಅಂದ ಕೂಡಲೇ ಕಿರುಚುತ್ತಿದ್ದ. ಅವನು ಕಿರುಚಿದರೆ ಇವಳ ಕಣ್ಣು ತುಂಬುತ್ತಿತ್ತು. “ತಗೋ ಅಪ್ಪಾ, ನೀನ ಹಾಕು” ಎಂದು ತನ್ನ ಹಣ್ಣನ್ನು ಅವನ ಕೈಯಲ್ಲೇ ಇಡುತ್ತಿದ್ದಳು. ಮೇಲೆ ಬಾಳಮ್ಮ ಬೇರೆ, “ಕೂಸಿನ ಕೈಯಾಗಿಂದು ಕಸಗೊಂಡ್ರ ಪುಣ್ಯಾ ಬರತೈತೇನು?” ಎಂದು ಬುಟ್ಟಿಯನ್ನೇ ತಂದು ಅವನ ಮುಂದೆ ಸುರಿಯುತ್ತಿದ್ದಳು.

ಮಡಿವಾಳಪ್ಪ ಇದನ್ನೆಲ್ಲ ನೋಡಿ ನೋಡಿ ಬೇಸತ್ತ. ಅವನ ಬಾವಿಯಲ್ಲಿ ಅವನ ಅಣ್ಣತಮ್ಮಂದಿರ ಪಾಲೂ ಇದೆ. ಇವತ್ತು ಇವನ ಮೋಟರು ನಡೆದರೆ ನಾಳೆ ಅವರದು. ಜೀವಮಾನವೆಲ್ಲ ಪಾಳಿಯ ಮೇಲೇ ತೋಟ ಬೆಳೆಸಿದವನು. “ಪಾಳಿ ಅಂದ್ರ ಏನಂತ ಮಾಸ್ತರ ಬಂದು ಹೇಳಬೇಕೇನು ನಮ್ಮ ಮನ್ಯಾಗ? ಸರೀರಿ, ನಾ ಕಲಸ್ತೇನಿ,” ಎಂದು ತಲೆಯ ಪಟಗ ಸರಿಮಾಡಿಕೊಂಡು ಕೂತ. ಹಣ್ಣು ತುಂಬಿದ ಬುಟ್ಟಿ ತನಗೊಂದು, ಮೊಮ್ಮಗನಿಗೊಂದು.

“ಮೊದಲ ಮುತ್ಯಾನ ಪಾಳಿ. ನನ್ನ ಬುಟ್ಟಿ ಪೂರಾ ಖಾಲಿ ಆಗಲಿ. ಆಮ್ಯಾಲ ನಿಂದು. ನಿನ್ನ ಪಾಳ್ಯಾಗ ನಾ ಕೈ ಹಾಕಿದ್ರ ಕೇಳು.”

ಬಾವಿಯ ಲೆಕ್ಕದಲ್ಲಿ ಇದು ನ್ಯಾಯವೇ. ಮಡಿವಾಳಪ್ಪ ಒಂದೊಂದೇ ಹಣ್ಣನ್ನು ನಿಧಾನವಾಗಿ, ಧೋತರಕ್ಕೆ ಒರೆಸಿ ಒರೆಸಿ ಬಿಟ್ಟ. ಸಿದ್ದು ಸ್ವಲ್ಪ ಹೊತ್ತು ತುದಿಗಾಲ ಮೇಲೆ ಕುಣಿದ. ಕೈ ಚಾಚಿದ. ಮುತ್ಯಾ ಕೈ ಸರಿಸಿದ. ಆಮೇಲೆ ಒಂದು ಕಿರುಚು ಕಿರುಚಿ ಎರಡೂ ಬುಟ್ಟಿ ಒದ್ದ. ಹಣ್ಣೆಲ್ಲ ಅಂಗಳದ ತುಂಬ ಉರುಳಿ, ಕೆಲವು ಕೊಟ್ಟಿಗೆಯಲ್ಲಿ ಎಮ್ಮೆಯ ಕಾಲಿಗೆ ಹೋದವು, ಉಳಿದವು ಹಣ್ಣಿನ ವ್ಯಾಪಾರಿ ಯಾಕೂಬಸಾಬನ ಗಾಡಿಗೆ ಕಳಿಸಲೆಂದು ಸುರೇಖಾ ಬೆಳಗಿನಿಂದ ಸಣ್ಣದು ದೊಡ್ಡದು ಬೇರೆ ಮಾಡಿಟ್ಟಿದ್ದ ರಾಶಿಯಲ್ಲಿ ಕೂಡಿಕೊಂಡವು. ಎಮ್ಮೆ ಒಂದನ್ನು ಅಗಿದು ಮೂತಿ ತಿರುವಿತು.

“ಏನ್ರಿ ಮಾವಾ ಇದು?”

“ಪಾಳಿ ಕಲಸಾಕತ್ತಿದ್ನೆವಾ.”

“ಛಲೋ ಕಲತಾನ ತಗೋರಿ. ಈಗ ಈ ರಾಶಿ ಆರಸೂದು ಯಾರ ಪಾಳಿ?”

ಮಡಿವಾಳಪ್ಪ ಪಟಗ ತೆಗೆದು ಝಾಡಿಸಿಕೊಂಡು, ಬಂದು ಹಣ್ಣು ಆರಿಸಲು ಕೂತ. ಮಾಸ್ತರು ಮುಂದಿನ ಸಲ ಬಂದಾಗ ಇದನ್ನು ಕೇಳಿ ಕೆಮ್ಮು ಬರುವವರೆಗೆ ನಕ್ಕರು. “ಬಾವಿ ಪಾಳಿ ದೊಡ್ಡವರಿಗೆ ಇರಲಿ ಯಜಮಾನ್ರ. ಇಂವಗ ಒಂದ ಹಣ್ಣಿನ ಪಾಳಿ ಸಾಕು. ಒಮ್ಮೆ ಉಸರ ಬಿಡೂದ್ರಾಗ ಅವನ ಪಾಳಿ ತಿರುಗಿ ಬರಬೇಕು. ತಡಕೊಳ್ಳೂದು ಬಂದಂಗ ಬಂದಂಗ ಉದ್ದ ಮಾಡೂನು.”

ಸುರೇಖಾ ಇದರಲ್ಲಿ ಕೈ ಹಾಕಲಿಲ್ಲ. ಬೇರೆಯಾಗುವವಳಿಗೆ ಯಾಕೆ ಬೇಕು? ಹಿತ್ತಲ ಖೋಲಿಯಲ್ಲಿ ಮಣ್ಣು ಕಲಸಿ ಒಲೆಗೆ ರೂಪ ಕೊಡತೊಡಗಿದ್ದಳು.

ಒಂದು ಮಧ್ಯಾಹ್ನ ಗಂಡಸರೆಲ್ಲ ತೋಟದಲ್ಲಿದ್ದರು. ಬಾಳಮ್ಮ ಯಾರದೋ ಮನೆಗೆ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದಳು. ಸುವರ್ಣಾ ಮಗನನ್ನು ಮಲಗಿಸಿ ಬಟ್ಟೆ ಒಗೆಯಲು ಹೋಗಿದ್ದಳು. ಸುರೇಖಾ ಅಂಗಳದಲ್ಲಿ ಹಣ್ಣು ಆರಿಸುತ್ತಿದ್ದಾಗ ಸಿದ್ದು ನಿದ್ದೆಯಿಂದ ಎದ್ದು ಬಂದ. ನೇರ ಬಂದವನೇ ಅವಳ ದೊಡ್ಡ ಹಣ್ಣಿನ ರಾಶಿಯಿಂದ ಎರಡು ಕೈ ತುಂಬ ಎತ್ತಿಕೊಂಡು ಹೋಗಿ ಪೈಪಿಗೆ ಬಿಡತೊಡಗಿದ.

“ಏ! ಇಡೋ ಅದನ್ನ!”

ಅವನಿಗೆ ಕೇಳಿಸಿದರೆ ತಾನೇ? ಸುರೇಖಾಳ ಪಿತ್ತ ನೆತ್ತಿಗೇರಿತು. ಸೆರಗು ಸಿಕ್ಕಿಸಿ ಎದ್ದು ಹೋಗಿ, ಕಟ್ಟೆಯ ಮೇಲೆ ಕೂತು, ಪೈಪಿನ ಬಾಯಿಗೆ ಅಂಗೈ ಮುಚ್ಚಿದಳು.

“ತಡಿ. ನನ್ನ ಹಣ್ಣು. ನನ್ನ ಪಾಳಿ.”

ಒಂದು ಹಣ್ಣು ಕಸಿದುಕೊಂಡು ತಾನೇ ಬಿಟ್ಟಳು. ಸಿದ್ದು ಕಿರುಚಿದ. ಬಾಯಿ ತೆರೆದು ಅವಳ ಕೈಗೆ ಬಗ್ಗಿದ. ಸುರೇಖಾ ಕೈ ಹಿಂದೆ ತೆಗೆದುಕೊಂಡಳು.

“ಕಚ್ಚಂಗಿಲ್ಲ. ನನ್ನ ಪಾಳಿ ಆತು. ಸಿದ್ದುನ ಪಾಳಿ. ಹಾಕು.”

ಹಾಕಿದ. ಕೆಳಗೆ ಬಿದ್ದ ಹಣ್ಣಿಗೆ ಕೈ ಪಟಪಟ ಆಡಿಸಿದ.

“ತಡಿ. ನನ್ನ ಪಾಳಿ.” ಮತ್ತೆ ಅಂಗೈ ಮುಚ್ಚಿದಳು.

ಮತ್ತೆ ಕಿರುಚು, ಆದರೆ ಗಿಡ್ಡದು.

ಸುರೇಖಾಳಿಗೆ ಮೆತ್ತಗೆ ಮಾತಾಡಲು ಬರುವುದಿಲ್ಲ. ಗೊಳಸಂಗಿಯ ತವರಿನಲ್ಲಿ ಕಲಿತದ್ದೇ ಕಡ್ಡಿ ಮುರಿದ ಹಾಗೆ ಮಾತಾಡುವುದನ್ನು. ಒಂದು ಮಾತಿಗೆ ಒಂದೇ ಅರ್ಥ, ಇವತ್ತು ಆಡಿದ್ದೇ ನಾಳೆಯೂ. ಓಣಿಯೆಲ್ಲ ಆ ಬಾಯಿಗೆ ಹೆದರುತ್ತದೆ. ಸಿದ್ದು ಹೆದರಲಿಲ್ಲ. ಕೆಲವು ಸಲ ಹೀಗೆ ನಡೆದ ಮೇಲೆ, ಅವಳ ಪಾಳಿ ಬಂದಾಗ, ಹಣ್ಣನ್ನು ಎದೆಗೆ ಒತ್ತಿ ಹಿಡಿದು, ಹಿಂದೆ ಮುಂದೆ ತೂಗುತ್ತ, ಅವಳ ಕೈಯನ್ನೇ ನೋಡುತ್ತ ನಿಂತ. ಕಾಯುತ್ತಿದ್ದಾನೆ ಎಂದು ಸುರೇಖಾಳಿಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಹೊಳೆದ ಮೇಲೆ ಅವಳ ಕೈಯಲ್ಲಿನ ಹಣ್ಣು ಬಿಡಲು ತಡವಾಯಿತು. ಸಿದ್ದು “ಊಂ” ಅಂದ.

“ಆತೋ ಮಾರಾಯಾ, ಹಾಕತೇನಿ,” ಅಂದಳು.

ಯಾರಿಗೂ ಹೇಳಲಿಲ್ಲ. ಮರುದಿನ ಮಧ್ಯಾಹ್ನ ಮತ್ತೆ ಕೂತಳು. ಅದರ ಮರುದಿನವೂ.

ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಬಂದ ಸುವರ್ಣಾ ಇದನ್ನು ಬಾಗಿಲ ಮರೆಯಿಂದ ನೋಡಿದ್ದು ಅವಳಿಗೆ ಗೊತ್ತಾಗಲಿಲ್ಲ. ಸಂಜೆ ಬಚ್ಚಲಲ್ಲಿ ಸುವರ್ಣಾ ಭಾಂಡೆ ತಿಕ್ಕುವ ಸದ್ದು ಜೋರಾಗಿತ್ತು. ದೇವಣಗಾಂವದ ಹುಡುಗಿ, ದನಿ ಎತ್ತುವವಳಲ್ಲ, ಸಿಟ್ಟು ಬಂದರೆ ತಾಟಿನ ಮೇಲೆ ತೀರಿಸಿಕೊಳ್ಳುವವಳು.

“ತಾಟ್ ತೂತ ಬೀಳತಾವ ನೋಡು,” ಸುರೇಖಾ ಅಂದಳು.

“ನೀ ಸಿದ್ದುನ ಕೂಡ ಆಡೂದು ನಾ ನೋಡೇನಿ, ಅಕ್ಕಾ.”

“ನೋಡಿದ್ರ ನೋಡು. ನನ್ನ ಹಣ್ಣ ಕದ್ದಿದ್ದ, ಅದಕ್ಕ.”

“ದಿನಾ ಕದಿಯಾಕತ್ತಾನೇನು?”

ಸುರೇಖಾ ಸಿಕ್ಕಿಸಿದ್ದ ಸೆರಗನ್ನೇ ಬಿಚ್ಚಿ ಮತ್ತೆ ಸಿಕ್ಕಿಸಿಕೊಂಡಳು.

“ಹಡದಾಕಿ ನಾನು,” ಸುವರ್ಣಾಳ ದನಿ ಒಡೆಯಿತು. “ನಾ ಕುಂತ್ರ ಕಿರಚತಾನ, ನೀ ಕುಂತ್ರ ಆಡತಾನ. ನಾ ಏನ ತಪ್ಪ ಮಾಡೇನಿ ಹೇಳು.”

“ನೀ ಅಳಕೋತ ಆಡತಿ. ಅಂವ ಒಂದ ಸಲ ಕಿರ್ರ್ ಅಂದ್ರ ನಿನ್ನ ಹಣ್ಣ ಒಯ್ದು ಅವನ ಕೈಯಾಗ ಇಡತಿ. ಬಾಯಾಗ ನನ್ನ ಪಾಳಿ ಅಂತಿ, ಕೈಲೆ ಬಿಟ್ಟಕೊಡತಿ. ಯಾವದು ಖರೇ ಅಂತ ಅಂವಗ ಹೆಂಗ ತಿಳೀಬೇಕು?”

“ಏನ ಮಾಡ್ಲಿ? ಭಾಗ್ಯಾನ ಕಚ್ಚಿದಾಗಿಂದ ಈ ಮನ್ಯಾಗ ನನಗ ತಲಿ ಎತ್ತಾಕ ಆಗವಲ್ದು.”

ಅದು ನಿಜ. ಅವತ್ತಿನಿಂದ ಭಾಂಡೆಯೆಲ್ಲ ಅವಳೇ ತಿಕ್ಕುತ್ತಿದ್ದಳು. ಎಲ್ಲರೂ ಉಂಡ ಮೇಲೆ ಉಳಿದ ತಣ್ಣನೆಯ ರೊಟ್ಟಿ ತಿನ್ನುತ್ತಿದ್ದಳು. ಸುರೇಖಾ ಅದನ್ನು ನೋಡಿಯೂ ನೋಡದಂತೆ ಇದ್ದಳು. ಈಗ ಬಗ್ಗಿ ಅವಳ ಕೈಯಿಂದ ತಾಟು ಕಿತ್ತುಕೊಂಡಳು.

“ಕೊಡಿಲ್ಲಿ. ಇವತ್ತ ಭಾಂಡೆ ನನ್ನ ಪಾಳಿ.”

“ಇರಲಿ ಬಿಡಕ್ಕಾ, ನಾನ...”

“ನೋಡಿದೇನು? ಇದ! ಇದನ್ನ ನಿನ್ನ ಮಗನ ಕೂಡೂ ಮಾಡತಿ. ಏಳ ಮ್ಯಾಲ.”

ಸುವರ್ಣಾ ಎದ್ದಳು. ಹೋಗಲಿಲ್ಲ, ಪಕ್ಕದಲ್ಲೇ ನಿಂತು, ಸುರೇಖಾ ತಿಕ್ಕಿದ ತಾಟು ತೊಳೆದಿಟ್ಟಳು.

ಮರುದಿನದಿಂದ ಸಿದ್ದುವಿನ ಎದುರು ಸುವರ್ಣಾ, ಅವಳ ಬೆನ್ನ ಹಿಂದೆ ಸುರೇಖಾ. “ತಗೋ, ನಿನ್ನ ಪಾಳಿ ತಗೋ! ಅತ್ತರ ಅಳಲಿ ಬಿಡು! ಹಣ್ಣ ಬಿಡು ಒಳಗ!” ಎಂದು ಕುಸ್ತಿಯ ಕಣದಲ್ಲಿ ನಿಂತ ವಸ್ತಾದಿಯ ಹಾಗೆ ಕೂಗುತ್ತಿದ್ದಳು. ಮೊದಲೆರಡು ದಿನ ಅವ್ವ ಮಗ ಇಬ್ಬರೂ ಅತ್ತರು. ಆಮೇಲೆ ಮಗನೊಬ್ಬನೇ ಅತ್ತ. ಆಮೇಲೊಂದು ದಿನ ಇಬ್ಬರೂ ಅಳದೆ ಒಂದು ಬುಟ್ಟಿ ಮುಗಿಸಿದರು. ಸುವರ್ಣಾ ತಿರುಗಿ ನೋಡಿ ನಕ್ಕಳು. ಆ ಮನೆಗೆ ಬಂದಾಗಿನಿಂದ ಅವಳು ಹಲ್ಲು ಕಾಣುವಂತೆ ನಕ್ಕದ್ದನ್ನು ಸುರೇಖಾ ನೋಡಿರಲಿಲ್ಲ. ಇವಳ ಹಲ್ಲು ಇಷ್ಟು ಚೆಂದ ಇವೆಯಾ ಅಂದುಕೊಂಡಳು.

ಮಾಸ್ತರು ಬಂದು ನೋಡಿ, “ಇನ್ನ ಮಕ್ಕಳ ಕೂಡ ಆಡಲಿ. ಭಾಗ್ಯಾನ ಕರೀರಿ,” ಅಂದರು.

“ಅದೊಂದ ಬ್ಯಾಡ್ರಿ ಸರ,” ಸುರೇಖಾ ಎದ್ದೇ ನಿಂತಳು. “ನಾ ಬೇಕಾದ್ರ ಹಗಲೆಲ್ಲಾ ಕುಂಡ್ರತೇನಿ. ನನ್ನ ಮಗಳನ್ನ ಮತ್ತ ಕಚ್ಚಸಾಕ ಕೊಡಂಗಿಲ್ಲ.”

ಭಾಗ್ಯಾ ಕಂಬಕ್ಕೆ ಒರಗಿ ನಿಂತಿದ್ದಳು. ದಿನಾ ಸಂಜೆ ದೂರದಿಂದ ಆಟ ನೋಡುತ್ತಿದ್ದವಳು.

“ನಾ ಆಡತೇನಿ ಅವ್ವಾ,” ಅಂದಳು. “ಆದ್ರ ಆಯಿ ಇಲ್ಲಿ ಇರಬಾರದು.”

ಬಾಳಮ್ಮ ಬತ್ತಿ ಹೊಸೆಯುತ್ತಿದ್ದಳು. ಕೈ ನಿಂತಿತು. “ನಾ ಏನ ಮಾಡೇನೇ ನಿನಗ?”

“ನೀ ಕೊಟ್ಟಬಿಡು ಅಂತಿ, ಆಯಿ.”

ಸುರೇಖಾ ಈ ಮಾತನ್ನು ಕೂಗಿ ಕೂಗಿ ಹೇಳಿದ್ದಳು. ಆಗ ಬಾಳಮ್ಮ ತಿರುಗಿ ಕೂಗಿದ್ದಳು. ಹುಡುಗಿ ಮೆಲ್ಲಗೆ ಹೇಳಿದಳು. ಬಾಳಮ್ಮ ಬತ್ತಿಯ ತಾಟು ಅಲ್ಲೇ ಬಿಟ್ಟು, ಮೊಣಕಾಲು ಹಿಡಿದು ಎದ್ದು ಕೊಟ್ಟಿಗೆಗೆ ಹೋದಳು. ಎಮ್ಮೆಯ ಹಿಂದೆ ನಿಂತರೆ ಅಂಗಳ ಕಾಣುತ್ತದೆ. ಅಲ್ಲಿ ನಿಂತಳು.

ಭಾಗ್ಯಾ ಕಟ್ಟೆಯ ಮೇಲೆ ಕೂತಳು. ಗುರುತು ಉಳಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದಳು. ಸಿದ್ದು ಒಂದು ಹಣ್ಣು ಬಿಟ್ಟ. ಅವಳು ಹಣ್ಣು ಎತ್ತಿದ ಕೂಡಲೇ ಅದಕ್ಕೆ ಬಗ್ಗಿದ, ಬಾಯಿ ತೆರೆದಿತ್ತು. ಸುರೇಖಾ ಅರ್ಧ ಎದ್ದಳು. ಮಾಸ್ತರು ಕೈಸನ್ನೆ ಮಾಡಿದರು.

“ತಡಿ!” ಭಾಗ್ಯಾ ಗದರಿದಳು. ಅಚ್ಚು ಅವ್ವನ ದನಿ. “ನನ್ನ ಪಾಳಿ.”

ಸಿದ್ದು ನಿಂತ. ತುದಿಗಾಲ ಮೇಲೆ ಕುಣಿದ, ಊಂ ಊಂ ಅಂದ, ಆದರೆ ನಿಂತ. ಹಣ್ಣು ಉರುಳಿತು. ಅವನು ಪೈಪಿಗೆ ಕಿವಿ ಹಚ್ಚಿದ. ಅದರಲ್ಲಿ ಏನು ಕೇಳುತ್ತದೋ ನೋಡೋಣ ಎಂದು ಭಾಗ್ಯಾಳೂ ಇನ್ನೊಂದು ಮಗ್ಗುಲಿಗೆ ಕಿವಿ ಹಚ್ಚಿದಳು. ಪೈಪಿನ ಆಚೆ ಈಚೆ ಎರಡು ತಲೆ. ಅವಳಿಗೆ ಆ ಗುಡುಗುಡು ಹಿಡಿಸಿತೋ ಏನೋ, ತನ್ನ ಪಾಳಿ ಬಂದರೂ ಕಿವಿ ತೆಗೆಯಲಿಲ್ಲ. ಸಿದ್ದು ಕಾದ. ಆಮೇಲೆ ಒಂದು ಹಣ್ಣು ಎತ್ತಿ ಅವಳ ಮೂಗಿನ ಮುಂದೆ ಹಿಡಿದ. ಪ್ರೀತಿಯಿಂದಲ್ಲ, ಆಟ ಮುಂದೆ ಹೋಗಲಿ ಎಂದು. ಆದರೂ ಕೊಟ್ಟವನು ಅವನು, ತೆಗೆದುಕೊಂಡವಳು ಭಾಗ್ಯಾ.

ಸಂಜೀವ ಇದನ್ನು ಕೇಳಿ ಅವತ್ತು ಸಂಜೆ ಹೆಂಡತಿಯ ಹತ್ತಿರ ಕೂತ. “ಹಂಗಾದ್ರ ಒಲಿ ಬ್ಯಾಡಲ್ಲ?”

“ಆಟ ಆಟ, ಒಲಿ ಒಲಿ. ಕೂಸು ಕಲಿಯಾಕತ್ತೈತಿ. ಈ ಮನಿ ಕಲೀಬೇಕಲ್ಲ? ನಿಮ್ಮವ್ವ ಬಾಯಿ ಮುಚ್ಚಿದ್ದು ಮಾಸ್ತರ ಇದ್ದಾರಂತ. ನಾಳೆ ಮತ್ತ ನನ್ನ ಮಗಳ ತಾಟಿನಾಗಿಂದು ತಗದ ಅವನ ತಾಟಿಗೆ ಹಾಕತಾರ.”

ಸಂಜೀವ ತಲೆ ಆಡಿಸಿದ.

ಯುಗಾದಿ ಬಂತು. ಹಿತ್ತಲ ಒಲೆ ಒಣಗಿ, ಸಾರಿಸಿ, ಅರಿಷಿಣ ಕುಂಕುಮ ಹಚ್ಚಿಕೊಂಡು ಕೂತಿತ್ತು. ಊಟವಾದ ಮೇಲೆ, ಹೊತ್ತು ಮೀರುವ ಮುಂಚೆ ಹಾಲು ಉಕ್ಕಿಸುವುದೆಂದು ಮಾತಾಗಿತ್ತು. ಪಡಸಾಲೆಯಲ್ಲಿ ಸಾಲು ಹಾಕಿ ಗಂಡಸರು, ಮಕ್ಕಳು ಕೂತರು. ಸಿದ್ದು ಭಾಗ್ಯಾಳ ಪಕ್ಕ. ಹೆಂಗಸರು ಬಡಿಸಲು ನಿಂತರು.

ಯಾವ ಹಬ್ಬವಿದ್ದರೂ ಆ ಮನೆಯಲ್ಲಿ ದೇವರ ನೈವೇದ್ಯವಾದ ಮೇಲಿನ ಮೊದಲ ಹೋಳಿಗೆ ಸಿದ್ದುವಿನ ತಾಟಿಗೆ. ಬಾಳಮ್ಮನೇ ತುಪ್ಪ ಹಾಕಿ, ಮುರಿದು, ಆರಿಸಿ ಕೊಡುವುದು. ಅವನು ಅದನ್ನು ಮುಗಿಸಿ ಇನ್ನೊಂದು ಕೇಳಿದರೆ ಅದೂ ಅವನದೇ. ಭಾಗ್ಯಾ ಬುದ್ಧಿ ಬಂದಾಗಿನಿಂದ ಇದನ್ನು ನೋಡಿದವಳು. ಬಾಳಮ್ಮ ಹೋಳಿಗೆ ಹಿಡಿದು ಬಗ್ಗಿದಾಗ ಹುಡುಗಿ ತನ್ನ ತಾಟನ್ನು ತಾನೇ ಹಿಂದಕ್ಕೆ ಎಳೆದುಕೊಂಡಳು, ಆಯಿಯ ಕೈಗೆ ದಾರಿ ಬಿಡಲು.

ಬಾಳಮ್ಮನ ಕೈ ನಡುವೆಯೇ ನಿಂತಿತು. ತುಪ್ಪ ಹನಿ ಹನಿ ನೆಲಕ್ಕೆ ಬಿತ್ತು. ಅಡುಗೆಮನೆಯ ಬಾಗಿಲಲ್ಲಿ ಸುರೇಖಾ ಸಾರಿನ ಸೌಟು ಹಿಡಿದು ನೋಡುತ್ತಿದ್ದಳು. ಬಾಯಿಯವರೆಗೆ ಬಂದ ಮಾತನ್ನು ಹಲ್ಲಿನಲ್ಲಿ ಹಿಡಿದಿದ್ದಳು.

“ತಾಟ್ ಮುಂದ ತಾರೇ ಪೋರಿ,” ಬಾಳಮ್ಮ ಅಂದಳು. ದನಿ ಗದರಿದ ಹಾಗೇ ಇತ್ತು. “ನಿನಗ ಹಾಕಾಕತ್ತೇನಿ.”

ಭಾಗ್ಯಾಳ ತಾಟಿಗೆ ಹೋಳಿಗೆ ಬಿದ್ದದ್ದೇ ತಡ, ಸಿದ್ದು ಮನೆ ಹಾರುವಂತೆ ಕಿರುಚಿದ. ತೊಡೆ ಬಡಿದುಕೊಂಡ. ಕೈ ಚಾಚಿದ. ಭಾಗ್ಯಾ ತಾಟಿನ ಮೇಲೆ ಅಂಗೈ ಮುಚ್ಚಿದಳು. ಬಾಳಮ್ಮನ ಮುಖ ಅಳುವ ಹಾಗಾಯಿತು; ಇನ್ನೇನು ಆ ಹಳೆಯ ಮಾತು ಬರಬೇಕು, ಅಷ್ಟರಲ್ಲಿ ಸುವರ್ಣಾ ಬಂದು ಮಗನ ಎದುರು ಕೂತಳು. ಕಣ್ಣು ಒಣಗಿತ್ತು.

“ತಡಿ. ಭಾಗ್ಯಾನ ಪಾಳಿ. ಆಮ್ಯಾಲ ಸಿದ್ದುನ ಪಾಳಿ.”

ಅಷ್ಟೇ ಅಂದಳು. ಮತ್ತೆ ಅದನ್ನೇ ಅಂದಳು. ಸಿದ್ದುವಿನ ಕೂಗು ಇಳಿಯಿತು, ನಿಲ್ಲಲಿಲ್ಲ. ಹಿಂದೆ ಮುಂದೆ ತೂಗುತ್ತ, ಭಾಗ್ಯಾಳ ಬಾಯಿಯನ್ನೇ ನೋಡತೊಡಗಿದ.

ಭಾಗ್ಯಾ ಹೋಳಿಗೆಯ ಅಂಚು ಮುರಿದಳು. ತುಪ್ಪದಲ್ಲಿ ಅದ್ದಿದಳು. ಬಾಯಲ್ಲಿಟ್ಟು ಅಗಿದಳು. ಇನ್ನೊಂದು ಚೂರು ಮುರಿದಳು. ಸಾಲಿನಲ್ಲಿ ಯಾರೂ ತುತ್ತು ಎತ್ತಲಿಲ್ಲ. ಮಡಿವಾಳಪ್ಪನ ಕೈಯಲ್ಲಿ ಕಲಸಿದ ಅನ್ನ ಹಾಗೇ ಇತ್ತು.

“ಲಗೂ ತಿನ್ನವಾ,” ಸುರೇಖಾಳ ಬಾಯಿಂದಲೇ ಬಂತು. “ಅಂವ ಕಾಯಾಕತ್ತಾನ.”

“ತಡಿ ಅವ್ವಾ,” ಅಂದಳು ಭಾಗ್ಯಾ, ತುಂಬಿದ ಬಾಯಲ್ಲಿ. “ನನ್ನ ಪಾಳಿ ಇನ್ನೂ ಮುಗದಿಲ್ಲ.”

ಮಡಿವಾಳಪ್ಪ ಫಕ್ಕನೆ ನಕ್ಕ. ಅರುಣ ನಕ್ಕ. ಬಾಳಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, “ಈಗರೆ ಸಮಾಧಾನ ಆತೇನ ನಿನಗ?” ಎಂದು ಸೊಸೆಯ ಕಡೆ ತಿರುಗಿದಳು. “ಹಿತ್ತಲ ಒಲಿ ಏನ ಮಾಡಾಕಿ?”

“ಅದು ಅಲ್ಲೇ ಇರಲ್ರಿ ಅತ್ತಿ. ನೀವು ಮರತ್ರಿ ಅಂದ್ರ ಹಚ್ಚಾಕ ಬರತೈತಿ.”

“ಎಂಥಾ ನಾಲಿಗಿ ಇದು!”

“ಹೊತ್ತು ಮೀರತೈತಿ,” ಸಂಜೀವ ನಡುವೆ ಮೆಲ್ಲಗೆ ಅಂದ. “ಹಾಲು ಉಕ್ಕಸೂದು ಏನಾತು?”

“ಮೀರಲಿ ಬಿಡ್ರಿ. ಮಗಳು ಉಣ್ಣಾಕತ್ತಾಳ, ಕಾಣಂಗಿಲ್ಲೇನು?”

ಭಾಗ್ಯಾ ಕೊನೆಯ ಚೂರು ತಿಂದು, ಬೆರಳಿಗೆ ಹತ್ತಿದ ತುಪ್ಪವನ್ನು ಒಂದೊಂದಾಗಿ ನೆಕ್ಕಿದಳು. ಖಾಲಿ ತಾಟನ್ನು ಸಿದ್ದುವಿಗೆ ಎತ್ತಿ ತೋರಿಸಿದಳು.

“ಆತು. ಈಗ ನಿಂದು.”

ಸಿದ್ದುವಿನ ಕೆನ್ನೆ ಇನ್ನೂ ಒದ್ದೆಯಿತ್ತು. ಅವನು ತನ್ನ ತಾಟನ್ನು ಎರಡೂ ಕೈಯಿಂದ ಅಜ್ಜಿಯ ಕಡೆ ಸರಿಸಿದ.